ಕವರಿನೊಳಗಿನ ತೆನೆ

ನಮ್ಮೂರು ನದಿಯ ನಡುವಿನ ಕುದ್ರು. ಸುತ್ತ ನೀರು, ಮಧ್ಯೆ ಗದ್ದೆ. ಬೆಂಕಿಪೊಟ್ಟಣವೂ ದೋಣಿಯಲ್ಲೇ ಬರಬೇಕು. ಸೆಪ್ಟೆಂಬರಿನಲ್ಲಿ ದೇವಮಾತೆಯ ತೆನೆ ಹಬ್ಬದ ದಿನ ಅಮ್ಮ ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ತಂದು, ಕಾಳು ಸುಲಿದು, ಅರೆದು, ತೆಂಗಿನಹಾಲಿಗೆ ಬೆರೆಸಿ ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಿದ್ದಳು. ಆ ದಿನ ಮೀನು, ಮಾಂಸ ಇಲ್ಲ. ಊಟದ ಕೊನೆಗೆ ಅವಳೇ ಭರಣಿಯಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟು ಮಾಡಿದ ದ್ರಾಕ್ಷಿ ವೈನ್, ಮಕ್ಕಳಿಗೆ ನಾಲಿಗೆ ಒದ್ದೆಯಾಗುವಷ್ಟು. ಊರಲ್ಲಿ ಇಲ್ಲದವರ ಪಾಲಿನ ತೆನೆ ಅಂಚೆಯಲ್ಲಿ ಹೋಗಲೇಬೇಕು. ಒಬ್ಬರು ಬಿಟ್ಟುಹೋದರೂ ಅಮ್ಮನಿಗೆ ಅದು ಹಬ್ಬವೇ ಅಲ್ಲ.

ಹಾಗಾಗಿ ವರ್ಷವೂ ಸಿಡ್ನಿಯ ನನಗೊಂದು, ಮೆಲ್ಬರ್ನಿನ ತಂಗಿಗೊಂದು ಕವರು ಬರುತ್ತಿತ್ತು. ಬೀಜ ತರಿಸುವುದು ಇಲ್ಲಿ ಕಾನೂನಿಗೆ ವಿರುದ್ಧ ಎಂದರೆ, ಮಾತೆಯ ಹಬ್ಬದ ಕಾಳಿಗೆ ಎಂಥ ಕಾನೂನು ಎಂದು ಅಮ್ಮ ನನ್ನ ಬಾಯಿ ಮುಚ್ಚಿಸುತ್ತಿದ್ದಳು. ನನಗೆ ಆಗಿನ್ನೂ ಪಿಆರ್, ಅಂದರೆ ಇಲ್ಲಿ ಕಾಯಂ ನೆಲೆಸುವ ಅನುಮತಿ, ಸಿಕ್ಕಿರಲಿಲ್ಲ. ಕವರಿನಿಂದ ಸಿಕ್ಕಿಬಿದ್ದರೆ ಅದೂ ತಪ್ಪೀತು ಎಂಬ ಭಯ. ಒಡೆಯದೆ ಚಾಟ್ಸ್‌ವುಡ್‌ನ ಆಫೀಸಿಗೆ ಒಯ್ದು ಅಲ್ಲಿನ ಕಸದ ಬಿನ್ನಿಗೆ ಹಾಕುತ್ತಿದ್ದೆ. ಮನೆಯ ಬಿನ್ನಿಗೆ ಹಾಕಲೂ ಹೆದರಿಕೆ, ಅಷ್ಟು ಪುಕ್ಕಲಿ ನಾನು. ಪಿಆರ್ ಬಂದ ಮೇಲೂ ಅದೇ ಅಭ್ಯಾಸ ಮುಂದುವರಿಯಿತು. ಫೋನಿನಲ್ಲಿ ಅಮ್ಮ ತಿಂದೆಯಾ ಎಂದು ಕೇಳಿದರೆ, ತಿಂದೆ, ಸಿಹಿಯಿತ್ತು ಎನ್ನುತ್ತಿದ್ದೆ.

ಕಳೆದ ವರ್ಷ ಅಮ್ಮ ತೀರಿಕೊಂಡಳು. ಅದೇ ಮಳೆಗಾಲದಲ್ಲಿ ನದಿಯಂಚಿನ ಕಟ್ಟ ಒಡೆದು ಗದ್ದೆಗೆ ಉಪ್ಪುನೀರು ನುಗ್ಗಿತು. ಅಲ್ಲಿ ಇನ್ನು ಭತ್ತ ಬೆಳೆಯುವುದಿಲ್ಲವಂತೆ.

ಈ ಸಲದ ಹಬ್ಬಕ್ಕೆ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನನ್ನ ಮನೆಯಿಂದ ಮೆಲ್ಬರ್ನಿನ ಪಾಯಿಂಟ್ ಕುಕ್‌ನ ತಂಗಿಯ ಮನೆಗೆ ಹೋದೆ. ಅಂಗಡಿಯ ರೆಡ್ ವೈನಿಗೆ ಅವಳು ಎರಡು ಚಮಚ ಸಕ್ಕರೆ ಕಲಸಿದಳು, ಅಮ್ಮನ ವೈನಿನ ಹಾಗಾಗಲಿ ಎಂದು. ಆಗಲಿಲ್ಲ. ಆಮೇಲೆ ಜಪಮಾಲೆಯ ಡಬ್ಬಿ ತಂದು ನನ್ನ ಮುಂದೆ ತೆರೆದಳು. ಒಳಗೆ ಬರೀ ಭತ್ತದ ಕಾಳು, ಇಷ್ಟೂ ವರ್ಷದ್ದು.

"ಒಂದು ವರ್ಷವೂ ತಿನ್ಲಿಲ್ಲ ಅಕ್ಕ. ನಾವೆಲ್ಲ ಒಟ್ಟಿಗೆ ಇರುವಾಗ ತಿನ್ನುವ ಅಂತ ಇಟ್ಟೆ. ಅಮ್ಮನಿಗೆ ತಿಂದೆ ಅಂತ ಸುಳ್ಳು ಹೇಳಿದೆ ಮಾರಾಯ್ತಿ." ಅವಳು ಅಳುತ್ತಿದ್ದಳು. "ನೀನಾದ್ರೂ ತಿಂದಿದ್ದಿಯಲ್ಲ."

ನಾನು ಡಬ್ಬಿಯನ್ನು ಹತ್ತಿರ ಎಳೆದುಕೊಂಡೆ. ಇಬ್ಬರೂ ಕೂತು ಕಾಳು ಸುಲಿದೆವು. ಅವಳು ಅರೆದು, ತೆಂಗಿನಹಾಲಿಗೆ ಬೆರೆಸಿ, ಮೊದಲ ಚಮಚ ನನ್ನ ಬಾಯಿಗೇ ಇಟ್ಟಳು. ಅಮ್ಮನ ಕೊನೆಯ ಕಾಳು.

"ನಿನಗೆ ವರ್ಷವೂ ಬರ್ತಿದ್ದದ್ದು ಹೀಗೇ ಇತ್ತಾ?" ಎಂದು ಕೇಳಿದಳು.

ಹೀಗೇ ಇತ್ತು ಎಂದೆ.