ದೇವಿಗೆ ಬಿಟ್ಟ ಸೈಕಲ್

ಮೊಮ್ಮಗಳು ಸೈಕಲ್ ಮೇಲೆ ಒಬ್ಬಳೇ ದೇಶದ ಉದ್ದಕ್ಕೂ ಹೋಗಿ ರೈಲಿನಲ್ಲಿ ವಾಪಸು ಬಂದ ದಿನ ನಾನು ಅವಳನ್ನು ಕರೆತರಲು ಯಾದಗಿರಿ ಸ್ಟೇಷನ್ನಿಗೆ ಹೋದೆ. ಹೂವಿನ ಹಾರ ಒಯ್ದಿರಲಿಲ್ಲ. ಸುರಪುರದಿಂದಲೇ ಮೂರು ಗಾಲಿಯ ಟಂಟಂ ಗೊತ್ತುಮಾಡಿಕೊಂಡು, ಸೈಕಲ್ ಕಟ್ಟಲು ಹಗ್ಗ ಒಯ್ದಿದ್ದೆ.

ಅವಳು ನನ್ನ ಮಗಳ ಮಗಳು. ತಾಯಿ ಸತ್ತ ಮೇಲೆ ನನ್ನ ಹತ್ತಿರವೇ ಬೆಳೆದಳು. ಈಗ ಹಾಸ್ಟೆಲ್ ಹುಡುಗಿಯರಿಗೆ ಆಟ ಕಲಿಸುತ್ತಾಳೆ. ಕನ್ಯಾಕುಮಾರಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಕಾಶ್ಮೀರದ ತನಕ ಸೈಕಲ್ ತುಳಿಯುತ್ತೇನೆ ಅಂದಾಗ ನಾನು ಬೇಡ ಅಂದೆ. ಅವಳು ಕೇಳಲಿಲ್ಲ. ನಮ್ಮ ಮನೆಯ ಹೆಂಗಸರು ಯಾರ ಮಾತನ್ನೂ ಕೇಳುವವರಲ್ಲ.

ದಿನಾ ಫೋನ್ ಮಾಡುತ್ತಿದ್ದಳು. ಉಂಡಿಯಾ, ಉಂಡೆ, ಎಲ್ಲಿದ್ದಿ, ಇಷ್ಟೇ ಮಾತು. ಕಾಶ್ಮೀರದ ಗುಡ್ಡ ಹತ್ತಿದ ಮೇಲೆ ಅದೂ ನಿಂತಿತು. ಟಿವಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿದ್ದನ್ನು ತೋರಿಸಿದರು. ನಾನು ತಲೆಯ ಮೇಲೆ ನೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ದೇವಿಯ ಗುಡಿಗೆ ಹೋದೆ. ಕಾಯಿ ಕೊಡುತ್ತೇನೆ, ಕುರಿ ಕೊಡುತ್ತೇನೆ ಅಂದರೆ ಅದರಲ್ಲಿ ಕೊಡುವವರಿಗೆ ನೋವಿಲ್ಲ. ನೋವಿಲ್ಲದ್ದನ್ನು ದೇವಿ ಯಾಕೆ ಇಟ್ಟುಕೊಳ್ಳುತ್ತಾಳೆ? "ಆಕಿನ್ನ ಜೀವಂತ ಕೊಡು. ಆಕಿ ಸೈಕಲ್ ನಿನಗ ಬಿಟ್ಟೀನಿ. ನಮ್ಮ ಹೊಸ್ತಿಲಿಗೆ ತರೂದಿಲ್ಲ" ಅಂತ ಗಟ್ಟಿಯಾಗಿ ಹೇಳಿದೆ. ಪೂಜೆ ಮಾಡುವ ಹೆಂಗಸು ಕೇಳಿಸಿಕೊಂಡಳು, ನೀರಿಗೆ ಬಂದವರೂ ಕೇಳಿಸಿಕೊಂಡರು.

ನಮ್ಮಲ್ಲಿ ದೇವಿಗೆ ಕೋಣ ಬಿಟ್ಟರೆ ಅದನ್ನು ಮತ್ತೆ ದುಡಿಸುವುದಿಲ್ಲ, ಮನೆಯ ಗೂಟಕ್ಕೆ ಕಟ್ಟುವುದಿಲ್ಲ. ಬಿಟ್ಟದ್ದು ಮನೆ ಸೇರಿದರೆ ಹರಕೆ ಕೆಡುತ್ತದೆ. ಕೆಟ್ಟ ಹರಕೆ ಯಾರ ಸಲುವಾಗಿ ಹೊತ್ತದ್ದೋ ಅವರ ಮೇಲೆಯೇ ತಿರುಗುತ್ತದೆ. ಇದು ಯಾರೋ ಓದಿ ಹೇಳಿದ್ದಲ್ಲ, ಕಣ್ಣಾರೆ ಕಂಡದ್ದು.

ಆಮೇಲೆ ಫೋನ್ ಬಂತು. ದಾರಿ ತೆರೆಯುವ ತನಕ ಅವಳು ಕುರಿ ಕಾಯುವವರ ಮನೆಯಲ್ಲಿ ಇದ್ದಳಂತೆ. ದೇವಿ ತನ್ನ ಮಾತು ನಡೆಸಿದ್ದಳು. ಇನ್ನು ನನ್ನ ಸರದಿ.

ರೈಲಿನಿಂದ ಇಳಿದವಳ ಗುರುತು ಸಿಗಲಿಲ್ಲ. ಮೂಗಿನ ತೊಗಲು ಸುಲಿದಿತ್ತು. ಹ್ಯಾಂಡಲ್ ಹಿಡಿದು ಹಿಡಿದು ಬೆರಳುಗಳು ನೆಟ್ಟಗಾಗುತ್ತಿರಲಿಲ್ಲ.

"ಹಿಂಗ್ಯಾಕ ನೋಡಾಕತ್ತಿ ಆಯಿ? ಕಳ್ಳಿ ಬಂದಾಳಂತ ಮಾಡೀಯೇನು?"

"ಕಳ್ಳಿಯಾದ್ರ ಮೈಮ್ಯಾಲ ಒಂದೀಟು ಮಾಂಸ ಇರ್ತಿತ್ತು. ನೀ ಒಣಾ ಬಡಿಗಿ ಆಗೀದಿ."

ಅವಳು ನಕ್ಕಳು. ನಾನು ಹಗ್ಗ ಬಿಚ್ಚಿ, "ಸೈಕಲ್ ಟಂಟಂದಾಗ ಹಾಕು" ಅಂದೆ.

"ಯಾಕ? ನಾ ಮನೀತನಕ ತುಳಕೊಂತ ಬರ್ತೀನಿ. ಕಾಶ್ಮೀರದಾಗ ಫೋಟೋ ತಗದು ಎಲ್ಲಾರೂ ಮುಗೀತು ಅಂದ್ರು. ನನಗ ಮುಗದಿಲ್ಲ. ನಮ್ಮ ಮನಿ ಮುಂದಿಂದ ಹೊಂಟಾಕಿ ನಾ. ಅಲ್ಲೇ ಸ್ಟ್ಯಾಂಡ್ ಹಾಕಿದ್ರನ ಮುಗಿಯೂದು."

ಹರಕೆಯ ವಿಷಯ ಹೇಳಿದೆ. ಅವಳ ನಗು ಹೋಯಿತು.

"ಅದು ನನ್ನ ಸೈಕಲ್."

"ಜೀವಾನೂ ನಿಂದ ಇತ್ತು. ನಾ ಬೇಡಿ ಇಸ್ಕೊಂಡೀನಿ."

"ದೇವಿ ಹೆಸರ್ಲೆ ನನ್ನ ಕಾಲು ಕಟ್ಟಾಕ ನಿಂತೀದಿ. ಮತ್ತ ಎಲ್ಲೂ ಹೋಗಬಾರ್ದಂತ. ಹೌದಿಲ್ಲ?"

"ಹೌದು. ಅದೂ ಐತಿ."

ಸುಳ್ಳು ಹೇಳುವ ಜರೂರು ಕಾಣಲಿಲ್ಲ.

"ಯಮ್ಮಾ, ಹಾಕೂದೋ ಬಿಡೂದೋ ಹೇಳ್ರಿ" ಅಂದ ಟಂಟಂ ಓಡಿಸುವವನು. "ನಿಮ್ಮಿಬ್ರ ಪಂಚಾಯ್ತಿ ಮುಗಿಯೂದ್ರಾಗ ನನ್ನ ಗಾಡಿ ತುಕ್ಕು ಹಿಡೀತೈತಿ."

ಅವಳು ಸೈಕಲ್ ಏರಿದಳು. ನಾವು ಹಿಂದೆ ಹೊರಟೆವು. ಭೀಮಾ ಸೇತುವೆಯ ಮೇಲೆ ಹತ್ತಿ ತುಂಬಿದ ಲಾರಿಗಳು ಅವಳ ಮೊಣಕೈ ಸವರಿಕೊಂಡೇ ಹೋಗುತ್ತಿದ್ದವು. ಹಾರ್ನ್ ಹೊಡೆದರೂ ಅವಳು ಅಂಚಿಗೆ ಸರಿಯಲಿಲ್ಲ. ತನ್ನ ಗೆರೆ ಬಿಡದೆ ತುಳಿದಳು. ಊರೂರು ದಾಟಿ ಹೀಗೇ ಬಂದಳಲ್ಲ ಅಂದುಕೊಂಡೆ.

ದೋರನಹಳ್ಳಿಯಲ್ಲಿ ಚಹಾಕ್ಕೆ ನಿಂತೆವು. ನಾನು ರಾಜಿಗೆ ಬಂದೆ.

"ಗುಡಿ ಮುಂದ ಸ್ಟ್ಯಾಂಡ್ ಹಾಕು. ಗುಡಿಗೂ ಮನಿಗೂ ಎರಡ ಓಣಿ ಅಂತರ."

"ಎರಡ ಓಣಿ ಬಿಟ್ರೂ ಬಿಟ್ಟಂಗನ. ಬೆಳ್ಳೀದೊಂದು ಸಣ್ಣ ಸೈಕಲ್ ಮಾಡಿಸಿ ಕೊಡೂಣು. ಮಂದಿ ಬೆಳ್ಳಿ ಕಣ್ಣು, ಬೆಳ್ಳಿ ತೊಟ್ಟಿಲ ಕೊಡೂದಿಲ್ಲೇನು?"

"ಅವರು ಬೆಳ್ಳಿ ಅಂತ್ಲೇ ಬೇಡಿಕೊಂಡಿರ್ತಾರ. ನಾ ಬೆಳ್ಳಿ ಅಂದಿಲ್ಲ, ನಿನ್ನ ಸೈಕಲ್ ಅಂದೀನಿ."

"ಹೆಂಗೂ ದೇವಿ ಸೈಕಲ್ ಕಲಿಯಾಕಿ ಅಲ್ಲ ಬಿಡ್ರಿ" ಅಂದ ಟಂಟಂನವನು.

"ನೀ ಚಾ ಕುಡಿ" ಅಂದೆ.

ಅವಳು ಕಪ್ಪು ಕೆಳಗಿಟ್ಟು ಸಣ್ಣ ದನಿಯಲ್ಲಿ ಹೇಳಿದಳು: "ಆ ಗುಡ್ಡದಾಗ ಸೈಕಲ್ ಒಗದು ಬಸ್ ಹತ್ತಿ ಬರಬೇಕಂತ ಮಾಡಿದ್ದೆ. ನಮ್ಮ ಮನಿ ಕಟ್ಟಿ ಮುಂದ ಬಂದು ಇಳಿಯೂದು ನೆನಸ್ಕೊಂಡು ತಡಕೊಂಡೆ. ನಾ ದೇವಿ ನೆನಸ್ಕೊಂಡಿಲ್ಲ ಆಯಿ. ಕಟ್ಟಿ ನೆನಸ್ಕೊಂಡೀನಿ."

ನಾನು ಚಹಾದ ದುಡ್ಡು ಕೊಟ್ಟು ಟಂಟಂ ಹತ್ತಿದೆ. ಶಹಾಪುರ ದಾಟಿ ಮುಂದೆ ಹೋದೆವು.

ಸುರಪುರ ಹೊಕ್ಕ ಮೇಲೆ ದಾರಿ ಒಡೆಯುತ್ತದೆ. ಎಡಕ್ಕೆ ಗುಡಿ, ಬಲಕ್ಕೆ ನಮ್ಮ ಓಣಿ. ಗುಡಿಯ ಮುಂದೆ ಹೆಂಗಸರು ಸೈಕಲ್ಲಿಗೆ ಹಚ್ಚಲು ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತದ್ದು ಅಲ್ಲಿಂದಲೇ ಕಾಣುತ್ತಿತ್ತು. ಅವಳು ಒಂದು ಕಾಲು ಊರಿ ನಿಂತು ನನ್ನ ಕಡೆ ತಿರುಗಿದಳು.

"ಇಳಿ ಅಂದ್ರ ಇಲ್ಲೇ ಇಳೀತೀನಿ. ಆದ್ರ ನಿನ್ನ ಬಾಯಿಲೆ ಹೇಳು."

ಇಳಿ ಅಂದಿದ್ದರೆ ಇಳಿಯುತ್ತಿದ್ದಳು, ಅದು ನನಗೆ ಗೊತ್ತಿತ್ತು. ಆಮೇಲೆ ಮನೆಯಲ್ಲಿ ನನ್ನ ಜೊತೆ ಕೂತು ಉಣ್ಣುವವಳ ಮುಖ ಹೇಗಿರುತ್ತದೆ ಅನ್ನುವುದೂ ಗೊತ್ತಿತ್ತು.

"ಹೋಗು" ಅಂದೆ.

ಅವಳು ಬಲಕ್ಕೆ ತಿರುಗಿದಳು. ಓಣಿಯ ಹುಡುಗರು ಕೂಗುತ್ತ ಹಿಂದೆ ಓಡಿದರು. ನಾನು ಟಂಟಂ ಇಳಿದು, ಮೂಲೆಯ ಅಂಗಡಿಯಲ್ಲಿ ಒಂದು ತೆಂಗಿನಕಾಯಿ ತೆಗೆದುಕೊಂಡು ಎಡಕ್ಕೆ ನಡೆದೆ.

"ಸೈಕಲ್ ಎಲ್ಲಿ ಯಕ್ಕಾ?" ಪೂಜೆ ಮಾಡುವವಳು ಕೇಳಿದಳು.

"ಮನಿಗೆ ಹೋತು."

"ಮತ್ತ ಹರಕಿ?"

"ಕೆಟ್ಟೈತಿ. ಬಾಯಿ ಬಿಟ್ಟಾಕಿ ನಾನು. ಹಿಡಿಯೂದಿದ್ರ ನನ್ನ ಹಿಡಿ, ಹುಡುಗಿ ತಂಟಿಗೆ ಹೋಗಬ್ಯಾಡ ಅಂತ ದೇವಿಗೆ ಹೇಳಾಕ ಬಂದೀನಿ."

ಅವಳು ನನ್ನ ಕೈಯ ಕಾಯಿ ತೆಗೆದುಕೊಳ್ಳಲಿಲ್ಲ. ತಟ್ಟೆ ಹಿಡಿದವರು ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು. ನಾನೇ ಕಾಯಿಯನ್ನು ಮೆಟ್ಟಿಲ ಮೇಲೆ ಇಟ್ಟು, ಹೇಳಬೇಕಾದದ್ದನ್ನು ಹೇಳಿ ಬಂದೆ.

ಮನೆಯ ಮುಂದೆ ಸೈಕಲ್ ನಿಂತಿತ್ತು. ಅವಳು ಕಟ್ಟೆಯ ಮೇಲೆ ಕೂತು ಬಕೆಟ್ಟಿನ ನೀರಿನಲ್ಲಿ ಕಾಲು ಇಳಿಬಿಟ್ಟಿದ್ದಳು. ಅತ್ತಿದ್ದಳೋ, ಮುಖ ತೊಳೆದಿದ್ದಳೋ, ನಾನು ಕೇಳಲಿಲ್ಲ.

"ದೇವಿ ಏನಂದ್ಲು?" ಅಂದಳು.

"ಏನೂ ಅನ್ನಲಿಲ್ಲ. ಅದ ಹೆದರಿಕಿ."

ಆ ಹೆದರಿಕೆ ಇನ್ನೂ ಹೋಗಿಲ್ಲ. ಅವಳು ಕೆಮ್ಮಿದರೆ ನಾನು ತಿರುವಿ ಹಾಕುವುದನ್ನು ಮರೆತು ರೊಟ್ಟಿ ಹಂಚಿನ ಮೇಲೆಯೇ ಹೊತ್ತುತ್ತದೆ.