ಜಾಯಿನ್ ಅಂದರೆ ಕೊಂಡಿ

ನಿಮ್ಮ ಮನೆಯಲ್ಲೊಂದು ಇಳಕಲ್ ಸೀರೆ ಇದ್ದರೆ ದಯವಿಟ್ಟು ಅದನ್ನು ಹೊರಗೆ ತೆಗೆಯಿರಿ. ಮಡಿಕೆ ಬಿಚ್ಚಿ, ಒಡಲು ಮುಗಿದು ಕೆಂಪು ಸೆರಗು ಶುರುವಾಗುವ ಗಡಿಯ ಮೇಲೆ, ಕಣ್ಣು ಮುಚ್ಚಿಕೊಂಡು ಬೆರಳಾಡಿಸಿ. ನುಚ್ಚಕ್ಕಿ ಸಾಲಾಗಿ ಕೂತಂಥ ಒಂದು ಸಣ್ಣ ದಿಣ್ಣೆ ತಾಗುತ್ತದೆ. ಅದಕ್ಕೆ ನಮ್ಮ ಇಳಕಲ್ಲಿನಲ್ಲಿ ಕೊಂಡಿ ಎನ್ನುತ್ತಾರೆ. ಒಡಲಿನ ಹಾಸು, ಅಂದರೆ ಮಗ್ಗದ ಉದ್ದೆಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎದುರುಬದುರು ತಂದು, ಒಂದರ ಎಳೆಯನ್ನು ಇನ್ನೊಂದರ ಕುಣಿಕೆಗೆ ಸಿಕ್ಕಿಸುತ್ತ ಸಾಲು ಮುಗಿಯುವವರೆಗೆ ಕೂಡಿಸಬೇಕು. ನಮ್ಮ ಮನೆಯಲ್ಲಿ ನೇಯುವವನು ಅಪ್ಪ, ಕೊಂಡಿ ಹಾಕುವವಳು ಅವ್ವ. ಜನ ಸೆರಗಿನ ಬಣ್ಣ ಹೊಗಳುತ್ತಾರೆ, ಅಂಚಿನ ದಡಿ ಹೊಗಳುತ್ತಾರೆ. ಕೊಂಡಿಯನ್ನು ಹೊಗಳಿದ ಒಬ್ಬರನ್ನೂ ನಾನು ಬಹುಕಾಲ ಕಾಣಲಿಲ್ಲ, ಆ ಸಿಟ್ಟು ನನಗೆ ಚಿಕ್ಕಂದಿನಿಂದಲೂ ಇತ್ತು.

ಆ ಸಿಟ್ಟಿಗೆ ಮೊದಲ ಸಮಾಧಾನ ಸಿಕ್ಕಿದ್ದು ಇಂಗ್ಲಿಷ್ ತರಗತಿಯಲ್ಲಿ ಎಂದರೆ ನೀವು ನಗಬಹುದು. ಕಮತಗಿಯಿಂದ ದಿನವೂ ಬಸ್ಸಿಗೆ ಬರುತ್ತಿದ್ದ ನಮ್ಮ ಅಕ್ಕೋರು ಕ್ರಿಯಾಪದಗಳನ್ನು ಬಾಯಿಪಾಠ ಮಾಡಿಸುತ್ತಿರಲಿಲ್ಲ. ತಲೆಗೊಂದರಂತೆ ಹಂಚಿ, ನಿಮ್ಮ ನಿಮ್ಮ ಮನೆಯಲ್ಲಿ ಹುಡುಕಿಕೊಂಡು ಬನ್ನಿ ಎಂದು ಅಟ್ಟುತ್ತಿದ್ದರು. ಗೆಳತಿಯೊಬ್ಬಳಿಗೆ ‘ಕಟ್’ ಈಳಿಗೆಮಣೆಯಲ್ಲಿ ಸಿಕ್ಕಿತು. ನನ್ನ ಪಾಲಿಗೆ ಬಂದದ್ದು ‘ಜಾಯಿನ್’. ಮರುದಿನ ಎದ್ದು ನಿಂತು, ಹೆದರುತ್ತಲೇ ಕೇಳಿದೆ: “ನಮ್ಮವ್ವ ಮಗ್ಗದ ಮ್ಯಾಲೆ ಕೊಂಡಿ ಹಾಕ್ತಾಳಲ್ರಿ, ಅದು ಜಾಯಿನ್ ಏನ್ರಿ ಅಕ್ಕೋರ?”

ಅಕ್ಕೋರು ಸುಣ್ಣದ ಕಡ್ಡಿಯನ್ನು ಕೆಳಗಿಟ್ಟರು. “ಖರೆ ಹೇಳಿದಿ ನೋಡು. ಅದಕ್ಕಿಂತ ಛಲೋ ಜಾಯಿನ್ ನನಗೂ ಗೊತ್ತಿಲ್ಲ,” ಎಂದರು. ಯಾರೂ ಹೊಗಳದ ಅವ್ವನ ಕೆಲಸಕ್ಕೆ ಇಂಗ್ಲಿಷಿನಲ್ಲೇ ಒಂದು ಹೆಸರಿದೆ ಎಂದು ನಾನು ಮನೆಯವರೆಗೂ ಓಡಿದ್ದೆ. ಅಂದಿನಿಂದ ನನಗೆ ಆ ಪದದ ಅರ್ಥ ಒಂದೇ, ಅದೂ ಮೂರು ಎಳೆಯ ಗಂಟು ಹಾಕಿದಷ್ಟು ಗಟ್ಟಿ.

ವರ್ಷಗಳು ಕಳೆದವು. ನಾನು ಪದವಿ ಮುಗಿಸುವ ಹೊತ್ತಿಗೆ ಅವ್ವನ ಕಣ್ಣು ಮಬ್ಬಾಗುತ್ತ ಬಂದಿತ್ತು. ದವಾಖಾನೆಯಲ್ಲಿ ಕನ್ನಡಕ ಕೊಟ್ಟರು, ಎಳೆಗಳು ಮಾತ್ರ ಅವಳಿಗೆ ಮೊದಲಿನಂತೆ ಕಾಣಲಿಲ್ಲ. ಹಾಗಾಗಿ ಕೊಂಡಿಗೆ ನಾನೇ ಕೂತುಕೊಳ್ಳತೊಡಗಿದೆ. ಅವ್ವ ಪಕ್ಕದಲ್ಲಿ ಕೂತು ಎಳೆ ಬಿಡಿಸಿಕೊಡುತ್ತಿದ್ದಳು. ಅಂಥ ದಿನಗಳಲ್ಲೇ ಬಾಗಲಕೋಟೆಯ ಒಂದು ಶಾಲೆಯ ಗ್ರಂಥಾಲಯದ ಕೆಲಸಕ್ಕೆ ಸಂದರ್ಶನದ ಕರೆ ಬಂತು. ಪುಸ್ತಕಗಳ ನಡುವೆ ಕೂತು ಬದುಕುವ ಆ ಕೆಲಸ ನನಗೆ ಬೇಕೇ ಬೇಕಿತ್ತು. ಸಿಕ್ಕಿಬಿಟ್ಟರೆ ಅವ್ವನ ಪಕ್ಕದಲ್ಲಿ ಕೂರುವವರು ಯಾರು ಎಂಬ ಭಯವೂ ಅಷ್ಟೇ ಇತ್ತು. ಅವ್ವನಿಗೆ ಈ ಭಯ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಸಂದರ್ಶನದಲ್ಲಿ ಮೂವರಿದ್ದರು. ಮನೆಯಲ್ಲಿ ಏನು ಮಾಡುತ್ತೀರಿ ಎಂದರು. ಅಪ್ಪ ನೇಯುತ್ತಾರೆ, ನಾನು ಅವ್ವನ ಜೊತೆ ಮಗ್ಗದ ಕೆಲಸ ಮಾಡುತ್ತೇನೆ ಎಂದು ಕಷ್ಟಪಟ್ಟು ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ನಡುವಿನ ಕುರ್ಚಿಯ ಮುಖ್ಯಾಧ್ಯಾಪಕಿ, ಎಷ್ಟು ಬೇಗ ಜಾಯಿನ್ ಮಾಡಬಲ್ಲಿರಿ ಎಂದು ಇಂಗ್ಲಿಷಿನಲ್ಲೇ ಕೇಳಿದರು. ನೋಡಿ, ಎಷ್ಟು ಸುಲಭದ ಪ್ರಶ್ನೆ! ನಾನು ಧೈರ್ಯವಾಗಿ ಉತ್ತರಿಸಿದೆ: “ಅರ್ಧ ದಿನ, ಮೇಡಂ. ಎಳೆ ಕಡಿಯದಿದ್ದರೆ ಇನ್ನೂ ಬೇಗ. ನಮ್ಮ ತಾಯಿ ನನಗಿಂತ ಚುರುಕು.”

ಪಕ್ಕದಲ್ಲಿದ್ದ ಇಬ್ಬರೂ ನಕ್ಕುಬಿಟ್ಟರು. ಏನೋ ಎಡವಟ್ಟಾಗಿದೆ ಎಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಮುಖ್ಯಾಧ್ಯಾಪಕಿ ಮಾತ್ರ ನಗಲಿಲ್ಲ. “ಏನ್ ಜಾಯಿನ್ ಮಾಡ್ತೀ ತಂಗಿ, ಕನ್ನಡದಾಗ ಹೇಳು,” ಎಂದರು. ನಾನು ಎದ್ದು, ಉಟ್ಟಿದ್ದ ಸೀರೆಯ ಸೆರಗನ್ನೇ ಮುಂದೆ ತಂದು ಮೇಜಿನ ಮೇಲೆ ಹರಡಿ, ಒಡಲು ಯಾವುದು, ಸೆರಗು ಯಾವುದು, ಅವೆರಡೂ ಹೇಗೆ ಕೈ ಹಿಡಿಯುತ್ತವೆ ಎಂದು ವಿವರಿಸಿದೆ. ಅವರು ಕನ್ನಡಕ ತೆಗೆದು, ಬಗ್ಗಿ, ಆ ಸಾಲಿನ ಮೇಲೆ ಬೆರಳಾಡಿಸಿದರು. “ಇಷ್ಟ ವರ್ಷ ಇಳಕಲ್ ಸೀರಿ ಉಟ್ಟೇನಿ, ಇದನ್ನ ನೋಡೇ ಇಲ್ಲ,” ಎಂದರು. ಕೊಂಡಿಯನ್ನು ಮುಟ್ಟಿ ನೋಡಿದ ಮೊದಲ ಹೊರಗಿನವರು ಅವರೇ. ಕೊನೆಗೆ ಮೆಲ್ಲಗೆ, “ನಾ ಕೇಳಿದ್ದು ಕೆಲಸಕ್ಕ ಯಾವಾಗ ಹಾಜರಾಗ್ತೀ ಅಂತ,” ಎಂದರು.

ಕೆಲಸ ಕೈ ಬಿಟ್ಟಿತೆಂದೇ ಬಸ್ಸಿನಲ್ಲಿ ಹುನಗುಂದದವರೆಗೂ ಕಣ್ಣೊರೆಸಿಕೊಂಡೆ. ವಾರದ ನಂತರ ಪತ್ರ ಬಂತು; ಅದರಲ್ಲೂ ಅದೇ ಕ್ರಿಯಾಪದ, ಬರುವ ಸೋಮವಾರ ಜಾಯಿನ್ ಆಗತಕ್ಕದ್ದು. ಒಂದೇ ಪದ ನೂಲಿಗೂ ನೌಕರಿಗೂ ಹೇಗೆ ಸಲ್ಲುತ್ತದೆ ಎಂದು ಪತ್ರ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಕೂಡುತ್ತಾಳೆ. ಕೂಡಿದ ಮೇಲೆ ಮಲಪ್ರಭೆ ಎಂಬ ಹೆಸರು ಉಳಿಯುವುದಿಲ್ಲ. ನಾನು ಹೆದರಿದ್ದು ಆ ಬಗೆಯ ಕೂಡುವಿಕೆಗೆ. ಕೊಂಡಿಯ ಬಗೆ ಬೇರೆ. ಅಲ್ಲಿ ಒಡಲು ಒಡಲಾಗಿಯೇ, ಸೆರಗು ಸೆರಗಾಗಿಯೇ ಇರುತ್ತದೆ, ಬಿಟ್ಟು ಮಾತ್ರ ಹೋಗುವುದಿಲ್ಲ. ನನ್ನದು ಯಾವುದಾಗುತ್ತದೆ ಎಂದು ತಿಳಿಯದೆಯೇ ಸೋಮವಾರ ಹೋಗಿ ಹಾಜರಾದೆ.

ಆ ವಾರ ಬಾಗಲಕೋಟೆಯಲ್ಲೇ ಉಳಿದು ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತ, ಮನೆಯಲ್ಲಿ ಮಗ್ಗ ನಿಂತಿರಬಹುದು, ಅವ್ವ ಕೈಕಟ್ಟಿ ಕೂತಿರಬಹುದು ಎಂದೇ ಯೋಚಿಸುತ್ತಿದ್ದೆ. ಭಾನುವಾರ ಇಳಕಲ್ಲಿನಲ್ಲಿ ಬಸ್ಸಿಳಿದು ನಮ್ಮ ಓಣಿಗೆ ತಿರುಗುವ ಮೊದಲೇ ಮಗ್ಗದ ಸದ್ದು ಕೇಳಿಸಿತು. ಒಳಗೆ ಅಪ್ಪ ಸೆರಗು ನೇಯುತ್ತಿದ್ದ. ಪಕ್ಕದಲ್ಲಿ ಅವ್ವ ಕೂತಿದ್ದಳು, ಕನ್ನಡಕ ಗೂಟಕ್ಕೆ ನೇತಾಡುತ್ತಿತ್ತು.

“ಕೊಂಡಿ ಯಾರ್ ಹಾಕಿದ್ರು ಯವ್ವಾ?”

“ನಾನಽ. ಕಣ್ಣ ಯಾಕ ಬೇಕು, ಬೆರಳದಾವಲ್ಲ. ಎರಡ ದಿನ ಹಿಡೀತು, ಆತು.” ಆಮೇಲೆ ನನ್ನ ಕಡೆ ಮುಖ ತಿರುಗಿಸಿ, “ನೀ ಜಾಯಿನ್ ಆದೇನು?” ಎಂದಳು.

“ಆದ್ನಿ.”

“ಮತ್ತ ನೀ ಅಲ್ಲಿ ಆದಿ, ನಾ ಇಲ್ಲಿ ಆದ್ನಿ.”

ಅಳು ಬಂತು, ಅತ್ತುಬಿಟ್ಟೆ. ಅವ್ವ ಬೈದಳು, ಚಹಾ ಕೊಟ್ಟಳು. ನಾನು ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಲೆಂದೇ ಅವಳು ಆ ಎರಡು ದಿನ ಕಣ್ಣು ಮುಚ್ಚಿ ಕೂತಿದ್ದಳು ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅರ್ಧ ಅರ್ಥ ಕಲಿಸಿದ ಅಕ್ಕೋರಿಗೆ, ನಗದೆ ಉಳಿದರ್ಧ ಹೇಳಿದ ಮೇಡಂಗೆ ನಾನು ಋಣಿ. ಅವ್ವನಿಗೆ ಏನೆನ್ನಬೇಕೋ ಯಾವ ಭಾಷೆಯಲ್ಲೂ ಹೊಳೆದಿಲ್ಲ.

ಆ ಸೀರೆಯನ್ನು ನಾನು ಅಂಗಡಿಗೆ ಹೋಗಗೊಡಲಿಲ್ಲ. ಮೊನ್ನೆ ಉಟ್ಟುಕೊಂಡು ಶಾಲೆಗೆ ಹೋದಾಗ ಮೇಡಂ ಗ್ರಂಥಾಲಯಕ್ಕೆ ಬಂದವರು, ಈಗ ರೂಢಿಯಾದಂತೆ, ಸೆರಗಿನ ಗಡಿಯನ್ನು ಸವರಿ ನೋಡಿದರು. ಎರಡು ಕಡೆ ಅವರ ಬೆರಳು ನಿಂತಿತು. “ಇಲ್ಲೆ ಎಳಿ ತಪ್ಪೇತಲ್ಲ ತಂಗಿ?”

“ಹೌದ್ರಿ ಮೇಡಂ,” ಎಂದೆ. “ಅದು ನಮ್ಮವ್ವ ಜಾಯಿನ್ ಆದ ಜಾಗಾ.”