ಕರೆಂಟೋ ಡೀಸೆಲ್ಲೋ
ಕ್ಯಾಲನೂರಿನ ಮುನಿವೆಂಕಟಪ್ಪನದು ವಿಚಾರಿಸುವುದರಲ್ಲೇ ದಣಿಯುವ ಜಾಯಮಾನ. ಕೊಟ್ಟಿಗೆ ತೊಳೆಯುವ ಪಂಪಿಗೆಂದು ಕೋಲಾರದ ಅಂಗಡಿಗೆ ಅಲೆಯುತ್ತ ಎರಡು ವರ್ಷವಾಯಿತು. ಕರೆಂಟಿನದು ತೋರಿಸಿದರೆ, 'ಕರೆಂಟೆಲ್ಲಿರ್ತದೆ ಸ್ವಾಮಿ?' ಎನ್ನುವನು, ಡೀಸೆಲ್ಲಿನದು ತೋರಿಸಿದರೆ, 'ಸದ್ದಿಗೆ ಬೆದರಿ ಹಸ ಹಾಲು ಕೊಡಲ್ಲ' ಎನ್ನುವನು. ಈಗೀಗ ಗಿರಾಕಿಗಳು ಯಾವ ಪಂಪು ಒಳ್ಳೆಯದೆಂದು ಅಂಗಡಿಯವನನ್ನು ಬಿಟ್ಟು ಇವನನ್ನೇ ಕೇಳುತ್ತಾರೆ. ಇತ್ತ ಪೊರಕೆ ಹಿಡಿದು ಬಗ್ಗಿದ ಹೆಂಡತಿ ಶಾಮಲಮ್ಮನ ಸೊಂಟ ನೆಟ್ಟಗಾಗದು. ಮಕ್ಕಳು ಸೊಸೆಯರು ತುಂಬಿದ ಮನೆಯಲ್ಲಿ ಗಂಡಹೆಂಡಿರ ಮಾತೆಲ್ಲ ಕೊಟ್ಟಿಗೆ ತೊಳೆಯುವಾಗಲೇ. ಅವನು ಚೊಂಬಿನಲ್ಲಿ ನೀರೆರಚುವನು, ಅವಳು ಗುಡಿಸುವಳು. 'ಯಾವುದೋ ಒಂದು ತರಬಾರ್ದಾ? ನನ್ನ ಕೈಲಾಗಲ್ಲ' ಎಂದಳು ಇವತ್ತು. ಅವನು ತಲೆಯೆತ್ತದೆ, 'ಯಾವುದು ತಂದ್ರೂ ಇಲ್ಲಿ ತೊಳೆಯೋಕೆ ಒಬ್ರೇ ಸಾಕಂತೆ ಕಣೇ' ಎಂದ. ಶಾಮಲಮ್ಮ ಪೊರಕೆಯನ್ನು ಅವನ ಕೈಗಿಟ್ಟು ಚೊಂಬು ತೆಗೆದುಕೊಂಡಳು. 'ಹಂಗಾದ್ರೆ ನೀವು ಬಗ್ಗಿ, ನೀರು ನಾನು ಹಾಕ್ತೀನಿ.'